ಸಾರ್ವಜನಿಕ ಇತಿಹಾಸೋಪನ್ಯಾಸಗಳೂ ಮೂಲಪಾಠವೂ: ಬುಕ್ಕರಾಯನ ಶ್ರವಣಬೆಳಗೊಳ ಶಾಸನದ ನಿದರ್ಶನ

ಮಧ್ಯಕಾಲೀನ ಇತಿಹಾಸವನ್ನು ವಿದ್ವತ್ಸಭೆಯ ಆಚೆಗೆ ಒಯ್ಯುವ ಉಪನ್ಯಾಸ, ಕಮ್ಮಟ, ವಿಚಾರಗೋಷ್ಠಿಗಳು ಕನ್ನಡನಾಡಿಗೆ ಹೊಸತಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಪ್ರಚಾರೋಪನ್ಯಾಸಗಳು ಊರೂರುಗಳಲ್ಲಿ ನಡೆದು ಕಿರುಹೊತ್ತಗೆಗಳಾಗಿಯೂ ಅಚ್ಚಾದವು. ಶ್ರವಣಬೆಳಗೊಳದಲ್ಲಿ 1981ರ ಸಹಸ್ರಾಬ್ದಿ ಮಹಾಮಸ್ತಕಾಭಿಷೇಕದ ಸಂದರ್ಭದಲ್ಲಿಯೂ 2018ರ ಮಹೋತ್ಸವದ ಸಂದರ್ಭದಲ್ಲಿಯೂ ವಿದ್ವದ್ಗೋಷ್ಠಿಗಳು ಜರುಗಿದವು. 2003ರಲ್ಲಿ ಆರಂಭಗೊಂಡ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನವು 'ತತ್ತ್ವಬೋಧ' ಉಪನ್ಯಾಸಮಾಲೆಯನ್ನೂ ಲಿಪಿಶಾಸ್ತ್ರದ ಕಮ್ಮಟಗಳನ್ನೂ ನಡೆಸಿತು. ಇಂತಹ ಕಾರ್ಯಕ್ರಮಗಳು ಬೇಕೇ ಎಂಬುದು ಇಲ್ಲಿಯ ಪ್ರಶ್ನೆಯಲ್ಲ. ಅವುಗಳಲ್ಲಿ ಶ್ರೋತೃವಿಗೆ ದೊರೆಯುವುದು ಮೂಲಪಾಠವೋ, ಮೂಲದಿಂದ ಹಿಂಡಿ ತೆಗೆದ ನೀತಿಯೋ ಎಂಬುದು ವಿಚಾರಾರ್ಹ.

ಒಂದೇ ನಿದರ್ಶನದಿಂದ ಈ ವಿಷಯವನ್ನು ಪರಿಶೀಲಿಸಬಹುದು. ವಿಜಯನಗರದ ಧರ್ಮನೀತಿಯನ್ನು ಕುರಿತ ಭಾಷಣಗಳಲ್ಲಿ ಬುಕ್ಕರಾಯನ ಶ್ರವಣಬೆಳಗೊಳ ಶಾಸನದಷ್ಟು ಸಲ ಉಲ್ಲೇಖಗೊಳ್ಳುವ ದಾಖಲೆ ಬೇರೊಂದಿಲ್ಲವೆಂದೇ ಹೇಳಬಹುದು. ಜೈನರಿಗೂ ಶ್ರೀವೈಷ್ಣವರಿಗೂ ವಿವಾದವುಂಟಾಯಿತು, ಅರಸನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿದನು, ಎರಡು ದರ್ಶನಗಳಿಗೂ ಭೇದವಿಲ್ಲವೆಂದನು ಎಂಬ ಮೂರು ವಾಕ್ಯಗಳಲ್ಲಿ ಕಥೆ ಮುಗಿಯುತ್ತದೆ. ಸರ್ವಧರ್ಮಗಳೂ ಒಂದೇ ಎಂಬ ಉಪದೇಶ ಅದರ ಬೆನ್ನಿಗೇ ಬರುತ್ತದೆ. ಸಭೆ ಸಂತೋಷಪಡುತ್ತದೆ. ಆದರೆ ಶಾಸನವು ಓದಲ್ಪಟ್ಟಿರುವುದಿಲ್ಲ.

ಶಾಸನವು ಭಂಡಾರಿ ಬಸದಿಯ ಬಳಿಯಿರುವುದು. ಶಕವರ್ಷ 1290ರದು, ಎಂದರೆ ಕ್ರಿ.ಶ. 1368ರದು. ಲೂಯಿ ರೈಸರು 1889ರಲ್ಲಿಯೇ ಇದನ್ನು ಪ್ರಕಟಿಸಿದರು, ಆರ್. ನರಸಿಂಹಾಚಾರ್ಯರ 1923ರ ಪರಿಷ್ಕೃತ ಸಂಪುಟದಲ್ಲಿ ಇದು 344ನೆಯದು. ಪಾಠವು ಸುಲಭವಾಗಿ ಸಿಕ್ಕುವಂತಿದ್ದರೂ ಅದರಲ್ಲಿರುವುದೇನೆಂಬುದು ವೇದಿಕೆಯವರೆಗೆ ಬಂದಿಲ್ಲ.

ಮೊದಲನೆಯದಾಗಿ, ಶಾಸನವು ಆರಂಭವಾಗುವುದು ಜಿನಸ್ತುತಿಯಿಂದಲ್ಲ, ರಾಮಾನುಜಾಚಾರ್ಯರ ಸ್ತುತಿಯಿಂದ. ಆ ಶ್ಲೋಕವು ಅವರನ್ನು ಪಾಷಂಡರೆಂಬ ಸಮುದ್ರಕ್ಕೆ ಬಡಬಾಗ್ನಿಯೆಂದು ಹೊಗಳುತ್ತದೆ. ಜೈನರಿಗೆ ರಕ್ಷಣೆಯ ಭರವಸೆಯೀಯುವ ಶಿಲೆಯ ತಲೆಯ ಮೇಲೆ ಈ ಶ್ಲೋಕವಿರುವುದು ಅಲಕ್ಷಿಸತಕ್ಕ ಸಂಗತಿಯಲ್ಲ. ಸಂಧಿಗೆ ಒಡಂಬಟ್ಟವರು ತಮ್ಮ ಸಿದ್ಧಾಂತವನ್ನು ಸಡಿಲಿಸಿದವರಲ್ಲವೆಂಬುದಕ್ಕೆ ಇದೇ ಸಾಕ್ಷಿ. ಅರಸನು ಹೇಳಿದ ಅಭೇದವು ಪ್ರಮಾಣ-ಪ್ರಮೇಯಗಳ ಅಭೇದವಲ್ಲ. ರಾಜ್ಯದಲ್ಲಿ ಎರಡು ಸಮಯಗಳಿಗೂ ಇರುವ ಹಕ್ಕಿನ ಅಭೇದ. ಮುಂದಿನ ಸಾಲುಗಳಲ್ಲಿ ಪಂಚಮಹಾವಾದ್ಯ, ಕಲಶಗಳ ಮರ್ಯಾದೆ ಜೈನದರ್ಶನಕ್ಕೆ ಪೂರ್ವದಂತೆ ಸಲ್ಲುವುದೆಂದಿರುವುದು ಈ ಅರ್ಥವನ್ನು ಸ್ಪಷ್ಟಪಡಿಸುತ್ತದೆ. ಇದನ್ನು ಬಿಟ್ಟು ಎಲ್ಲ ಮತಗಳೂ ಒಂದೇ ಎಂದು ವ್ಯಾಖ್ಯಾನಿಸುವುದು ಶಾಸನಕ್ಕೂ ಅನೇಕಾಂತಕ್ಕೂ ಸಮನಾಗಿ ಮಾಡುವ ಅಪಚಾರ. ಭಿನ್ನ ನಯಗಳನ್ನು ಭಿನ್ನವಾಗಿಯೇ ಅರಿಯುವುದು ಅನೇಕಾಂತವೇ ಹೊರತು ಅವನ್ನು ಅಳಿಸುವುದಲ್ಲ.

ಎರಡನೆಯದಾಗಿ, ವೇದಿಕೆಯ ಕಥೆಯಲ್ಲಿ ಕರ್ತೃ ಅರಸನೊಬ್ಬನೇ. ಶಾಸನದಲ್ಲಿ ಮೊದಲು ಕಾಣುವವರು ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೇಹ ಮುಂತಾದ ಸ್ಥಳಗಳ ಭವ್ಯಜನರು. ಭಕ್ತರು ಮಾಡುವ ಅನ್ಯಾಯವನ್ನು ಅರಸನಿಗೆ ಬಿನ್ನಹ ಮಾಡಿದವರು ಇವರು. ಎದುರು ಪಕ್ಷದಲ್ಲಿ ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆಗಳ ಆಚಾರ್ಯರಷ್ಟೇ ಅಲ್ಲ, ತಿರುಕುಲ-ಜಾಂಬವಕುಲದವರೂ ಸೇರಿದ್ದಾರೆ. ಅಷ್ಟು ವಿಸ್ತಾರವಾದ ಸಮುದಾಯದ ಎದುರಿಗೆ ಸಂಘಟಿತರಾಗಿ ನಿಂತು ನ್ಯಾಯ ಕೇಳಿದ ಶ್ರಾವಕರು ಉಪನ್ಯಾಸಗಳಲ್ಲಿ ಕೃಪೆಗೆ ಪಾತ್ರರಾದ ಮೂಕಜನರಾಗಿ ಉಳಿಯುತ್ತಾರೆ.

ಮೂರನೆಯದಾಗಿ, ಭಾವಪೂರ್ಣವಾದ ಕೈಹಿಡಿಸುವ ಪ್ರಸಂಗದ ಆಚೆಗೆ ಶಾಸನದಲ್ಲಿ ಒಂದು ಆಡಳಿತವ್ಯವಸ್ಥೆಯಿದೆ. ರಾಜ್ಯದ ಜೈನರು ಮನೆಮನೆಗೆ ವರ್ಷಕ್ಕೆ ಒಂದು ಹಣದಂತೆ ಕೊಡತಕ್ಕದ್ದು. ತಿರುಮಲೆಯ ತಾತಯ್ಯನು ಆ ಹೊನ್ನಿನಿಂದ ಬೆಳಗೊಳದ ದೇವರ ಅಂಗರಕ್ಷೆಗೆ ಇಪ್ಪತ್ತು ಜನರನ್ನು ನೇಮಿಸತಕ್ಕದ್ದು. ಉಳಿದುದರಿಂದ ಜೀರ್ಣಜಿನಾಲಯಗಳಿಗೆ ಸುಣ್ಣ ಬಳಿಸತಕ್ಕದ್ದು. ರಕ್ಷಣೆಯ ವೆಚ್ಚ ಜೈನರದು, ಹೊಣೆ ವೈಷ್ಣವನದು. ಇದು ಔದಾರ್ಯವೇ, ಜಾಣತನವೇ, ಎರಡೂ ಸೇರಿದ್ದೇ ಎಂಬ ಪ್ರಶ್ನೆ ಶ್ರೋತೃಗಳ ಮುಂದೆ ಇಡತಕ್ಕದ್ದಾಗಿದೆ. ಶಾಸನದ ಕೊನೆಯಲ್ಲಿ ಕಲ್ಲೇಹದ ಹರ್ವಿಸೆಟ್ಟಿಯ ಮಗ ಬುಸುವಿಸೆಟ್ಟಿಯು ಅರಸನಿಗೆ ಬಿನ್ನಹ ಮಾಡಿ, ತಾತಯ್ಯನನ್ನು ಬರಮಾಡಿಕೊಂಡು ಜೀರ್ಣೋದ್ಧಾರ ಮಾಡಿಸಿದುದೂ, ಎರಡು ಸಮಯಗಳೂ ಕೂಡಿ ಅವನಿಗೆ ಸಂಘನಾಯಕ ಪಟ್ಟವನ್ನು ಕಟ್ಟಿದುದೂ ಹೇಳಲ್ಪಟ್ಟಿದೆ. ರಾಜಾಜ್ಞೆಯನ್ನು ಕಾರ್ಯಕ್ಕೆ ತರಲು ಶ್ರಾವಕನೊಬ್ಬನು ಮತ್ತೆ ಮುಂದಾಗಬೇಕಾಯಿತೆಂಬುದು ಸ್ಪಷ್ಟ. ಮಾಗಡಿ ತಾಲ್ಲೂಕಿನ ಕಲ್ಯದಲ್ಲಿ ಇದೇ ನಿರ್ಣಯದ ಇನ್ನೊಂದು ಶಾಸನವಿರುವುದನ್ನೂ ಇಲ್ಲಿ ಸ್ಮರಿಸಬೇಕು.

ಇದಕ್ಕೆ ವಿರುದ್ಧವಾದ ಅತಿಯೂ ಉಂಟು. ಕೆಲವು ಭಾಷಣಗಳಲ್ಲಿ 'ಅನ್ಯಾಯ' ಎಂಬ ಒಂದು ಶಬ್ದವನ್ನು ಮಾತ್ರ ಹಿಡಿದು ಇಡೀ ಯುಗವನ್ನು ಜೈನಪೀಡನೆಯ ಯುಗವೆಂದು ಚಿತ್ರಿಸಲಾಗುತ್ತದೆ. ಹಿಂದಿನ ಪಕ್ಷವು ಶ್ಲೋಕವನ್ನು ಮರೆಯಿತು. ಈ ಪಕ್ಷವು ಪಟ್ಟವನ್ನು ಮರೆಯುತ್ತದೆ. ಎರಡೂ ಅರ್ಧಪಾಠಗಳೇ. 1638ರ ಹಳೇಬೀಡಿನ ಪ್ರಸಂಗವನ್ನು ಇದರೊಡನೆ ಹೋಲಿಸಿದರೆ ವಿಷಯ ಇನ್ನೂ ತಿಳಿಯಾಗುತ್ತದೆ. ಅಲ್ಲಿಯ ವಿಜಯಪಾರ್ಶ್ವನಾಥ ಬಸದಿಯ ಕಂಬಗಳ ಮೇಲೆ ಲಿಂಗಮುದ್ರೆ ಒತ್ತಿದುದರಿಂದ ಎದ್ದ ವಿವಾದವು ವೀರಶೈವ ಪ್ರಮುಖರೊಡನೆ ಆದ ಒಪ್ಪಂದದಿಂದ ಮುಗಿಯಿತು. ಬಸದಿಯ ಪೂಜೆ ಉಳಿಯಿತು. ಆದರೆ ಮೊದಲು ವಿಭೂತಿ-ವೀಳ್ಯಗಳನ್ನು ಸಲ್ಲಿಸಬೇಕೆಂಬ ನಿಯಮಕ್ಕೆ ಒಳಪಟ್ಟು ಉಳಿಯಿತು. ಎರಡು ಸಂಧಿಗಳ ನಡುವಣ 270 ವರ್ಷಗಳಲ್ಲಿ ಜೈನಸಮಾಜದ ಸ್ಥಿತಿ ಎಷ್ಟು ಬದಲಾಯಿತೆಂಬುದನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಸಾಧನ ದುರ್ಲಭ. ಆದರೂ ಉಪನ್ಯಾಸಗಳು ಸಾಮಾನ್ಯವಾಗಿ 1368ರಲ್ಲಿಯೇ ನಿಲ್ಲುತ್ತವೆ.

ಹಸ್ತಪ್ರತಿ ಕಮ್ಮಟಗಳಲ್ಲಿ ಇದೇ ಕೊರತೆ ಬೇರೊಂದು ರೂಪದಲ್ಲಿ ಕಾಣುತ್ತದೆ. ಗರಿಗಳನ್ನು ಶುಚಿಗೊಳಿಸುವುದು, ಎಣ್ಣೆ ಸವರುವುದು, ಗ್ರಂಥನಾಮವನ್ನು ಪಟ್ಟಿಮಾಡುವುದು, ಅಕ್ಷರಗಳನ್ನು ಗುರುತಿಸುವುದು ಇವೆಲ್ಲ ಕಲಿಸಲ್ಪಡುತ್ತವೆ. ಇತಿಹಾಸಕ್ಕೆ ಅತ್ಯಂತ ಉಪಯುಕ್ತವಾದ ಅಂತ್ಯಪ್ರಶಸ್ತಿ ಮಾತ್ರ ಕೊನೆಯ ಗರಿಯಲ್ಲಿರುವುದರಿಂದಲೋ ಏನೋ ಕೊನೆಗೆ ಉಳಿದುಬಿಡುತ್ತದೆ. ಮೂಡಬಿದಿರೆಯ ಮಹಾಬಂಧದ ಪ್ರತಿಯನ್ನು ಮಲ್ಲಿಕಬ್ಬೆಯೆಂಬ ಶ್ರಾವಿಕೆ ಶ್ರೀಪಂಚಮೀ ನೋಂಪಿಯ ಉದ್ಯಾಪನೆಗಾಗಿ ಬರೆಯಿಸಿ ಮಾಘಣಂದಿ ಮುನಿಗೆ ಒಪ್ಪಿಸಿದಳೆಂಬುದು ತಿಳಿದುಬರುವುದು ಅಂತಹ ಪ್ರಶಸ್ತಿಯಿಂದಲೇ. ಒಂದು ವ್ರತ, ಒಂದು ದಾನ, ಒಬ್ಬ ಸ್ತ್ರೀಯ ಸಂಕಲ್ಪ ಇವು ಸೇರಿ ಆಗಮವನ್ನು ಉಳಿಸಿದ ಸಂಗತಿ ಯಾವ ಸಾಮ್ರಾಜ್ಯದ ವರ್ಣನೆಗೂ ಕಡಿಮೆಯದಲ್ಲ.

ಪರಿಹಾರವು ಕಷ್ಟಸಾಧ್ಯವೇನಲ್ಲ. ಒಂದು ಉಪನ್ಯಾಸಕ್ಕೆ ಒಂದು ಶಾಸನ ಅಥವಾ ಒಂದು ಪ್ರಶಸ್ತಿ ಸಾಕು. ಅದರ ಪೂರ್ಣಪಾಠವನ್ನು ಅಚ್ಚುಮಾಡಿ ಶ್ರೋತೃಗಳ ಕೈಗೆ ಕೊಡುವುದು, ಮೊದಲ ಸಾಲಿನಿಂದ ಶಾಪಾಶಯದವರೆಗೆ ಗಟ್ಟಿಯಾಗಿ ಓದುವುದು, ಆಮೇಲೆ ವ್ಯಾಖ್ಯಾನಿಸುವುದು ಯುಕ್ತವಾದ ಕ್ರಮ. ಬಸದಿಗಳಲ್ಲಿ ನಡೆಯುವ ಶಾಸ್ತ್ರಸ್ವಾಧ್ಯಾಯದ ಕ್ರಮವೂ ಇದೇ. ಅಲ್ಲಿ ಮೂಲವನ್ನು ಓದದೆ ಅರ್ಥ ಹೇಳುವವರಿಲ್ಲ. ಜ್ಯೇಷ್ಠ ಶುಕ್ಲ ಪಂಚಮಿಯ ಶ್ರುತಪಂಚಮೀ ಪರ್ವದಂದು ಶ್ರುತಪೂಜೆಗೆ ನೆರೆಯುವ ಸಮಾಜಕ್ಕೆ ಆಯಾ ಊರಿನ ಒಂದು ಪ್ರಶಸ್ತಿಯನ್ನಾದರೂ ಹೀಗೆ ಓದಿಸಿದರೆ, ಇತಿಹಾಸವು ಪೂಜೆಯ ಅಂಗವಾಗಿಯೇ ಜನರಿಗೆ ತಲಪುತ್ತದೆ. ಬುಕ್ಕರಾಯನ ನಿರ್ಣಯವನ್ನು ಎಲ್ಲ ಬಸದಿಗಳಲ್ಲಿಯೂ ಕಲ್ಲಿನಲ್ಲಿ ನಿಲ್ಲಿಸಬೇಕೆಂದು ಶಾಸನವೇ ವಿಧಿಸಿತ್ತು. ಮುಂದಿನವರು ಅದನ್ನು ಓದಲೆಂಬುದೇ ಆ ವಿಧಿಯ ಅಭಿಪ್ರಾಯ.