ಮಹಿಮೆ ಎಂಬ ಮಾತಿನ ತೂಕ

ಕನ್ನಡ ಸಾಹಿತ್ಯ ಚರಿತ್ರೆಯ ಪುಸ್ತಕಗಳಲ್ಲಿ ಕ್ರೈಸ್ತ ಮಿಷನರಿಗಳಿಗೆ ಸಾಮಾನ್ಯವಾಗಿ ಒಂದು ಗೌರವದ ಸ್ಥಾನವಿರುತ್ತದೆ. 1843ರಲ್ಲಿ ಹರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು; ಕಿಟ್ಟೆಲ್ಲರು 1872ರಲ್ಲಿ ‘ಶಬ್ದಮಣಿದರ್ಪಣ’ವನ್ನೂ 1875ರಲ್ಲಿ ನಾಗವರ್ಮನ ಛಂದೋಗ್ರಂಥವನ್ನೂ ಸಂಪಾದಿಸಿ, 1894ರಲ್ಲಿ ತಮ್ಮ ಮಹಾನಿಘಂಟನ್ನು ಕೊಟ್ಟರು. ಇಷ್ಟನ್ನು ನನ್ನ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ತಪ್ಪದೆ ಬರೆಯುತ್ತಾರೆ, ಅಂಕಗಳನ್ನೂ ಪಡೆಯುತ್ತಾರೆ. ಆದರೆ ಈ ಮಹನೀಯರು ಸಮುದ್ರ ದಾಟಿ ಬಂದುದು ನಿಘಂಟು ಬರೆಯುವುದಕ್ಕಾಗಿ ಅಲ್ಲ. ತಮ್ಮ ದೇವರನ್ನು ಕನ್ನಡದಲ್ಲಿ ಕರೆಯುವುದನ್ನು ಕಲಿಸುವುದಕ್ಕಾಗಿ. ಆ ಕರೆಯುವ ಕನ್ನಡ ಏನಾಯಿತು? ಅದು ಎಲ್ಲಿ ಕಾವ್ಯವಾಯಿತು, ಎಲ್ಲಿ ಆಗದೆ ಹೋಯಿತು? ನಮ್ಮ ವಿಮರ್ಶೆ ಈ ಪ್ರಶ್ನೆಯನ್ನು ಕೇಳಿದ್ದು ಅಪರೂಪ.

ಕೇಳದಿರುವುದಕ್ಕೆ ಎರಡು ಕಡೆಯಿಂದಲೂ ಸಮಾಧಾನಗಳು ಸಿದ್ಧವಾಗಿವೆ. ಸಾಹಿತಿಗಳು, “ಅದು ಪ್ರಚಾರ, ಸಾಹಿತ್ಯವಲ್ಲ” ಎನ್ನುತ್ತಾರೆ. ಸಭೆಯವರು, “ಅದು ಪ್ರಾರ್ಥನೆ, ವಿಮರ್ಶೆಯ ವಸ್ತುವಲ್ಲ” ಎನ್ನುತ್ತಾರೆ. ಎರಡೂ ನನಗೆ ಒಪ್ಪಿಗೆಯಾಗುವುದಿಲ್ಲ. ಮತಪ್ರಸಾರಕ್ಕಾಗಿ ಹುಟ್ಟಿದ ಬರಹವನ್ನೆಲ್ಲ ಹೊರಗಿಟ್ಟರೆ ನಮ್ಮ ಹಳಗನ್ನಡ ನಡುಗನ್ನಡಗಳಲ್ಲಿ ಉಳಿಯುವುದೆಷ್ಟು? ದೇವರ ಮುಂದೆ ಆಡಿದ ಮಾತನ್ನು ತೂಗಬಾರದೆಂದರೆ ವಚನಗಳನ್ನೂ ದಾಸರ ಪದಗಳನ್ನೂ ತರಗತಿಯಲ್ಲಿ ಓದುವ ಅಧಿಕಾರ ನಮಗೆಲ್ಲಿಂದ ಬಂತು?

ಚರ್ಚೆಗೆ ಒಂದೇ ಒಂದು ಪದವನ್ನು ತೆಗೆದುಕೊಳ್ಳೋಣ: ಮಹಿಮೆ. ಕ್ರೈಸ್ತರ ಆರಾಧನೆಯಲ್ಲಿ ಇಷ್ಟು ಸಲ ಬರುವ ಮಾತು ಬೇರೆ ಕೆಲವೇ. ಹಳೆಯ ಒಡಂಬಡಿಕೆಯ ಹೀಬ್ರೂ ಭಾಷೆಯಲ್ಲಿ ಇದಕ್ಕಿರುವ ಪದ ‘ಕಾವೋದ್’. ಅದರ ಧಾತುವಿಗೆ ಭಾರವಾಗಿರುವುದು, ತೂಕವುಳ್ಳದ್ದು ಎಂದರ್ಥ. ಗ್ರೀಕಿಗೆ ಹೋದಾಗ ಅದು ‘ಡಾಕ್ಸ’ ಆಯಿತು; ಆ ಪದದ ಮೂಲಾರ್ಥ ಅಭಿಪ್ರಾಯ, ಕೀರ್ತಿ. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರು ದುಡಿದು 1831ರ ವೇಳೆಗೆ ಇಡೀ ಬೈಬಲನ್ನು ಕನ್ನಡಕ್ಕೆ ತಂದರು. ಅಲ್ಲಿಂದ ಮುಂದೆ ಬಂದ ಭಾಷಾಂತರಗಳಲ್ಲಿ ಮಹಿಮೆ, ಪ್ರಭಾವ, ವೈಭವ ಮುಂತಾದ ಮಾತುಗಳು ಬಳಕೆಯಾದುವು. ಇವು ದೊಡ್ಡತನವನ್ನೂ ಹೊಳಪನ್ನೂ ಹೇಳುತ್ತವೆ, ಭಾರವನ್ನು ಹೇಳುವುದಿಲ್ಲ.

ಕನ್ನಡದಲ್ಲಿ ಭಾರವನ್ನು ಹೇಳುವ ಪದ ಇರಲಿಲ್ಲವೆ? ಇತ್ತು. ವಚನಕಾರರು ಪರವಸ್ತುವನ್ನು ‘ಘನ’ವೆಂದೂ ‘ಮಹಾಘನ’ವೆಂದೂ ಕರೆದು ಏಳು ಶತಮಾನ ಕಳೆದಿದ್ದುವು. ಘನವೆಂದರೆ ಗಟ್ಟಿ, ದಟ್ಟ, ತೂಕವುಳ್ಳದ್ದು. ಸಂಸ್ಕೃತದಲ್ಲಿ ಮೋಡಕ್ಕೂ ಅದೇ ಹೆಸರು. ಸೀನಾಯಿ ಬೆಟ್ಟದ ಮೇಲೆ ಯೆಹೋವನ ತೇಜಸ್ಸು ಇಳಿದುದು ಮೋಡವಾಗಿ ಎಂಬುದನ್ನು ನೆನೆದರೆ, ಹೀಬ್ರೂ ಪದದ ಭಾರವನ್ನೂ ಬೆಟ್ಟದ ಮೋಡವನ್ನೂ ಒಟ್ಟಿಗೆ ಹೊರಬಲ್ಲ ಇಂಥ ಪದ ಇನ್ನೊಂದು ಭಾಷೆಯಲ್ಲಿ ಸುಲಭವಾಗಿ ಸಿಕ್ಕೀತೆ? ಕನ್ನಡ ಬೈಬಲಿನಲ್ಲಿ ‘ಘನ’ ಇಲ್ಲದೆ ಇಲ್ಲ. ಆದರೆ ಹೆಚ್ಚಾಗಿ ಅದು ಮಾನಮರ್ಯಾದೆಯ ಜೊತೆಗಾರನಾಗಿ ನಿಂತಿದೆ.

ಮಲೆನಾಡಿನವರಿಗೆ ಇದನ್ನು ವಿವರಿಸಿ ಹೇಳಬೇಕಾದುದಿಲ್ಲ. 1930 ಮೀಟರು ಎತ್ತರದ ಮುಳ್ಳಯ್ಯನಗಿರಿ, ನಮ್ಮ ರಾಜ್ಯದ ಅತ್ಯುನ್ನತ ಶಿಖರ, ಮಳೆಗಾಲದಲ್ಲಿ ಕಣ್ಣಿಗೆ ಬೀಳುವುದೇ ಇಲ್ಲ. ಮೋಡ ಮುಚ್ಚಿದ್ದರಿಂದ ಬೆಟ್ಟ ಸಣ್ಣದಾಗುವುದೂ ಇಲ್ಲ. ಬೈಬಲಿನಲ್ಲಿ ಮೋಶೆ ನಿನ್ನ ಮಹಿಮೆಯನ್ನು ತೋರಿಸೆಂದು ಬೇಡುತ್ತಾನೆ. ದೇವರು ಅವನನ್ನು ಬಂಡೆಯ ಸಂದಿನಲ್ಲಿ ನಿಲ್ಲಿಸಿ, ತಾನು ಹಾದುಹೋಗುವವರೆಗೆ ಕೈಯಿಂದ ಮರೆಮಾಡುತ್ತಾನೆ. ಮೋಶೆಗೆ ಕಾಣುವುದು ಬೆನ್ನು ಮಾತ್ರ. ಹೊಸ ಒಡಂಬಡಿಕೆಯಲ್ಲಿ ಬೆಟ್ಟದ ಮೇಲೆ ಕ್ರಿಸ್ತನ ಮುಖ ಬೆಳಗಿದಾಗ ಪೇತ್ರನು ಅಲ್ಲಿಯೇ ಮೂರು ಗುಡಾರ ಕಟ್ಟಲು ಹೊರಡುತ್ತಾನೆ. ಮೋಡ ಕವಿಯುತ್ತದೆ, ಅವರು ಬೆಟ್ಟ ಇಳಿಯಬೇಕಾಗುತ್ತದೆ, ಕೆಳಗೆ ರೋಗಿಯಾದ ಹುಡುಗನೊಬ್ಬ ಕಾದಿರುತ್ತಾನೆ. ಮಹಿಮೆ ಎದುರಾದಾಗ ಮಾತು ಕಡಿಮೆಯಾಗುತ್ತದೆ, ಮನುಷ್ಯ ಬಗ್ಗುತ್ತಾನೆ, ಆಮೇಲೆ ಕೆಲಸಕ್ಕೆ ಹಿಂತಿರುಗುತ್ತಾನೆ. ಈ ಕಥೆಗಳ ಕಾವ್ಯಗುಣ ಇರುವುದು ಇಲ್ಲಿ.

ಈ ಅಳತೆಗೋಲನ್ನು ಹಿಡಿದು ಕನ್ನಡದ ಕ್ರೈಸ್ತ ಗೀತೆಗಳನ್ನು ನೋಡಿದರೆ ಮೊದಲು ಎದುರಾಗುವುದು ಛಂದಸ್ಸಿನ ತೊಡಕು. ಬಾಸೆಲ್ ಮಿಷನ್ನಿನವರು ಜರ್ಮನ್ ಸಭಾಗೀತೆಗಳ ರಾಗವನ್ನು ಹಾಗೆಯೇ ಉಳಿಸಿಕೊಂಡು ಕನ್ನಡ ಮಾತುಗಳನ್ನು ಕೂರಿಸಿದರು. ಆ ರಾಗಗಳಲ್ಲಿ ಒತ್ತು ಬೀಳುವ ಎಡೆಗಳು ನಿಶ್ಚಿತ, ಸ್ವರಗಳು ದೀರ್ಘ. ನಮ್ಮದೋ ಮಾತ್ರೆಯ ಭಾಷೆ. ಲಘು ಲಘುವಾಗಿ, ಗುರು ಗುರುವಾಗಿ ಕೇಳಿಸದಿದ್ದರೆ ಪದ ಕೆಡುತ್ತದೆ. ‘ಮಹಿಮೆ’ ಎಂಬ ಪದವನ್ನೇ ನೋಡಿ: ಮೂರೂ ಲಘು. ಭಾಮಿನಿ ಷಟ್ಪದಿಯ ಮೂರು ಮಾತ್ರೆಯ ಗಣದಲ್ಲಿ ಅದು ಸುಖವಾಗಿ ಕೂರುತ್ತದೆ. ನಿಧಾನಗತಿಯ ಜರ್ಮನ್ ರಾಗದ ಮೇಲೆ ಎಳೆದರೆ ‘ಮಾಹೀಮೇ’ ಆಗುತ್ತದೆ. ಕೇಳುವವನಿಗೆ ಅರ್ಥ ಹೊಳೆಯುವ ಮೊದಲೇ ಸಾಲು ಮುಗಿದಿರುತ್ತದೆ. ಕಿಟ್ಟೆಲ್ಲರಿಗೆ ಇದರ ಅರಿವಿತ್ತೆಂಬುದಕ್ಕೆ 1862ರ ಅವರ ‘ಕಥಾಮಾಲೆ’ಯೇ ಸಾಕ್ಷಿ. ಅದರಲ್ಲಿ ಅವರು ಕ್ರಿಸ್ತನ ಚರಿತ್ರೆಯನ್ನು ಈ ನೆಲದ ಹಾಡುಗಬ್ಬದ ಧಾಟಿಗೆ ಒಪ್ಪಿಸಿದರು. ನಿಘಂಟುಕಾರನ ಕೀರ್ತಿಯ ನೆರಳಿನಲ್ಲಿ ಈ ಪ್ರಯತ್ನ ಮರೆಯಾಗಿದೆ.

ಗೀತೆಗಳಿಗಿಂತ ಗದ್ಯದಲ್ಲಿ ಬಂದ ದಾವೀದನ ಕೀರ್ತನೆಗಳು ಕಿವಿಗೆ ಹೆಚ್ಚು ಕನ್ನಡವಾಗಿ ಕೇಳಿಸುತ್ತವೆ. ಕಾರಣ ಸರಳ. ಹೀಬ್ರೂ ಪದ್ಯದ ಜೀವ ಪ್ರಾಸದಲ್ಲಿಲ್ಲ. ಒಂದು ಮಾತನ್ನು ಹೇಳಿ ಅದಕ್ಕೆ ಜೊತೆಯಾಗಿ ಇನ್ನೊಂದನ್ನು ನಿಲ್ಲಿಸುವ ಅರ್ಥದ ಲಯದಲ್ಲಿದೆ. ಈ ಲಯ ಭಾಷಾಂತರದಲ್ಲಿ ಸಾಯುವುದಿಲ್ಲ. ವಚನದ ನಡೆಯನ್ನು ಬಲ್ಲ ಕಿವಿಗೆ ಅದು ಪರಕೀಯವೂ ಅಲ್ಲ.

ವಿಚಿತ್ರವೆಂದರೆ, ಕ್ರೈಸ್ತ ಭಾವವನ್ನು ಕನ್ನಡ ಕಾವ್ಯದ ನಡುಮನೆಗೆ ಕರೆತಂದವರು ಕ್ರೈಸ್ತರಲ್ಲ. ನ್ಯೂಮನ್ 1833ರಲ್ಲಿ ಕಡಲ ಮೇಲೆ ಬರೆದ ಪ್ರಾರ್ಥನೆಯನ್ನು ಬಿ.ಎಂ.ಶ್ರೀ. ಅವರು ಕನ್ನಡಿಸಿದರು, ಇಂದು ಅದು ಎಲ್ಲ ಮತದವರ ಬಾಯಲ್ಲಿದೆ. ಹಾಡುವವರಲ್ಲಿ ಎಷ್ಟೋ ಜನಕ್ಕೆ ಅದರ ಮೂಲ ಒಂದು ಕ್ರೈಸ್ತ ಸ್ತೋತ್ರವೆಂಬುದು ಗೊತ್ತಿಲ್ಲ. ಆ ಕವಿತೆಯ ಗುಟ್ಟೇನು? ಅಲ್ಲಿ ಪ್ರಾರ್ಥಿಸುವವನು ದೇವರ ವೈಭವವನ್ನು ಬಣ್ಣಿಸುವುದಿಲ್ಲ. ಕತ್ತಲೆಯಲ್ಲಿ ನಿಂತು ಕಾಲಿಡುವಷ್ಟು ನೆಲಕ್ಕೆ ಮಾತ್ರ ಬೆಳಕು ಬೇಡುತ್ತಾನೆ. ಬೇಡಿಕೆ ಸಣ್ಣದಾದಷ್ಟೂ ಕೊಡುವವನು ದೊಡ್ಡವನಾಗಿ ತೋರುತ್ತಾನೆ. ಮಂಜೇಶ್ವರದ ಗೋವಿಂದ ಪೈಗಳು ‘ಗೊಲ್ಗೊಥಾ’ ಖಂಡಕಾವ್ಯದಲ್ಲಿ ಆರಿಸಿಕೊಂಡುದು ಕ್ರಿಸ್ತನ ಕೊನೆಯ ದಿನವನ್ನು. ಯೋಹಾನನ ಸುವಾರ್ತೆಯಂತೂ ಶಿಲುಬೆಯೇ ಮಹಿಮೆಯ ಗಳಿಗೆ ಎನ್ನುತ್ತದೆ. ಅವಮಾನದ ಮರದ ಮೇಲೆ ತೇಜಸ್ಸನ್ನು ಕಾಣಬೇಕಾದ ಈ ವಸ್ತುವಿಗೆ ಬರಿಯ ಸ್ತುತಿಪದಗಳು ಸಾಲವೆಂಬುದನ್ನು ಪೈಗಳ ಕವಿಹೃದಯ ಅರಿತಿತ್ತು.

ನಮ್ಮ ಮಲೆನಾಡಿನ ಕಾದಂಬರಿಗಳು ಚರ್ಚನ್ನು ಹೊರಗಿನಿಂದ ನೋಡಿವೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕೃತಿಯಲ್ಲಿ ಪಾದ್ರಿ ಜೀವರತ್ನಯ್ಯ ಬರುತ್ತಾನೆ, ಬೈಸಿಕಲ್ಲು ಬರುತ್ತದೆ, ದೇವಯ್ಯನ ಮತಾಂತರದ ಗೊಂದಲ ಬರುತ್ತದೆ. ಸಾಮಾಜಿಕ ಘಟನೆಯಾಗಿ ಅದು ಅದ್ಭುತವಾದ ಚಿತ್ರಣ. ಆದರೆ ಕಣ್ಣು ಮುಚ್ಚಿ ಮೊಣಕಾಲೂರಿದವನ ಒಳಗೆ ಏನು ನಡೆಯುತ್ತದೆ ಎಂಬುದು ಆ ಕಾದಂಬರಿಯ ಕಾಳಜಿಯಲ್ಲ. ಒಳಗಿನ ಆ ಕಥೆಯನ್ನು ಒಳಗಿದ್ದವರೇ ಹೇಳಬೇಕು.

ಅವರು ಯಾವ ಭಾಷೆಯಲ್ಲಿ ಹೇಳಬೇಕು? ಚಿಕ್ಕಮಗಳೂರು ಕಥೋಲಿಕ ಧರ್ಮಪ್ರಾಂತ್ಯ ಮೈಸೂರಿನಿಂದ ಬೇರೆಯಾದುದು 1963ರ ನವೆಂಬರಿನಲ್ಲಿ. ಅದೇ ವರ್ಷ ಡಿಸೆಂಬರ್ 4ರಂದು ಎರಡನೆಯ ವ್ಯಾಟಿಕನ್ ಮಹಾಸಭೆ ಆರಾಧನೆಯಲ್ಲಿ ದೇಶಭಾಷೆಗಳಿಗೆ ಬಾಗಿಲು ತೆರೆಯಿತು. ಲ್ಯಾಟಿನ್ನಿನ ಪೂಜೆ ಜನರ ಮಾತಿಗೆ ಇಳಿಯತೊಡಗಿದಾಗ ಜನರ ಮಾತು ಯಾವುದೆಂಬ ಪ್ರಶ್ನೆ ಸಹಜವಾಗಿ ಎದ್ದಿತು. ಕರಾವಳಿಯಿಂದ ಘಟ್ಟ ಹತ್ತಿ ಬಂದವರ ಮನೆಮಾತು ಕೊಂಕಣಿ. ತೋಟದ ಲೈನುಗಳಲ್ಲಿ ತಮಿಳು, ತುಳು. ಸಂತೆಯಲ್ಲಿ, ಶಾಲೆಯಲ್ಲಿ ಕನ್ನಡ. ಈ ಬೆಟ್ಟಗಳಲ್ಲಿ ಕನ್ನಡದ ಪ್ರಾರ್ಥನೆ ಅನೇಕರಿಗೆ ಹುಟ್ಟಿನಿಂದ ಬಂದುದಲ್ಲ, ಬದುಕಿನಿಂದ ಗಳಿಸಿದುದು.

ಕೆಲವು ವರ್ಷಗಳ ಹಿಂದೆ ವಿದ್ಯಾರ್ಥಿಯೊಬ್ಬನ ಕರೆಯ ಮೇರೆಗೆ ಮೂಡಿಗೆರೆ ಕಡೆಯ ತೋಟವೊಂದರ ಪುಟ್ಟ ಪ್ರಾರ್ಥನಾಮಂದಿರಕ್ಕೆ ಕ್ರಿಸ್ಮಸ್ ಹಿಂದಿನ ರಾತ್ರಿ ಹೋಗಿದ್ದೆ. ನಾನು ಆ ಸಭೆಯವನಲ್ಲ. ಹಿಂದಿನ ಬೆಂಚಿನ ಅತಿಥಿ. ಅರೇಬಿಕಾ ಕೊಯ್ಲಿನ ದಿನಗಳು. ಸಂಜೆಯವರೆಗೆ ಹಣ್ಣು ಬಿಡಿಸಿ, ಮೂಟೆಗಳನ್ನು ತೂಕಕ್ಕೆ ಹಾಕಿ, ಲೆಕ್ಕ ಬರೆಸಿ ಬಂದ ಜನ. ಅಚ್ಚಿನ ಪುಸ್ತಕದ ಪ್ರಾರ್ಥನೆಯನ್ನು ಹುಡುಗನೊಬ್ಬ ಸ್ಪಷ್ಟವಾಗಿ ಓದಿದ. ಅದರಲ್ಲಿ ಸಮಾಸಗಳಿದ್ದುವು, ‘ಮಹಿಮೆ’ಯೂ ಇತ್ತು. ಆಮೇಲೆ ಮುದುಕಿಯೊಬ್ಬಳು ಎದ್ದು ತಮಿಳು ಬೆರೆತ ಕನ್ನಡದಲ್ಲಿ ಪ್ರಾರ್ಥಿಸಿದಳು. ಲೈನಿನಲ್ಲಿ ಜ್ವರ ಬಂದು ಮಲಗಿದವರ ಹೆಸರುಗಳನ್ನು ಒಂದೊಂದಾಗಿ ಹೇಳಿದಳು. ಕಣದಲ್ಲಿ ಹರಡಿದ ಕಾಫಿಯ ಮೇಲೆ ಅಕಾಲದ ಮಳೆ ಬೀಳದಿರಲೆಂದಳು. ಬೈದ ಮೇಸ್ತ್ರಿಯ ಹೆಸರನ್ನೂ ಸೇರಿಸಿದಳು, ದೂರಾಗಿ ಅಲ್ಲ. ಕೊನೆಗೆ ಮಾತು ಮುಗಿಯಿತು. ಅವಳು ಮಾತ್ರ ಕುಳಿತುಕೊಳ್ಳಲಿಲ್ಲ, ಎದುರಿಗೆ ಯಾರೋ ಇರುವಂತೆ ತಲೆಬಗ್ಗಿಸಿ ನಿಂತೇ ಇದ್ದಳು. ಸಭೆಯೂ ಸದ್ದಿಲ್ಲದೆ ಕಾದಿತ್ತು. ಅಂದು ಓದಿದ ಪಾಠ ಲೂಕನದು: ರಾತ್ರಿ ಹೊಲದಲ್ಲಿ ಕುರಿಮಂದೆ ಕಾಯುವ ಕೂಲಿಯವರ ಸುತ್ತ ದೇವರ ತೇಜಸ್ಸು ಬೆಳಗಿದ ಪ್ರಸಂಗ. ಅದಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನವನ್ನು ನಾನು ಯಾವ ಗ್ರಂಥದಲ್ಲಿಯೂ ಓದಿಲ್ಲ.

ಮುದುಕಿಯ ಮಾತು ಕಾವ್ಯವೆಂದು ನಾನು ವಾದಿಸುತ್ತಿಲ್ಲ. ಕಾವ್ಯಕ್ಕೆ ಬೇಕಾದ ಒಂದು ವಸ್ತು ಅದರಲ್ಲಿತ್ತು, ಅಚ್ಚಿನ ಪ್ರಾರ್ಥನೆಯಲ್ಲಿರಲಿಲ್ಲ ಎನ್ನುತ್ತಿದ್ದೇನೆ: ತೂಕ. ‘ಮಹಿಮೆ’ ಎಂಬ ಪದವನ್ನು ಅವಳು ಬಳಸಲೇ ಇಲ್ಲ. ಅದರ ಭಾರ ಕೋಣೆಯಲ್ಲಿತ್ತು. ಕ್ರಿಸ್ತ ಕಲಿಸಿದ ಪ್ರಾರ್ಥನೆಯ ಕ್ರಮವೂ ಇದೇ. ಅದರಲ್ಲಿ ಅನ್ನ ಬೇಡಿ, ಕ್ಷಮೆ ಬೇಡಿ, ಕೇಡಿನಿಂದ ಬಿಡುಗಡೆ ಬೇಡಿದ ಮೇಲೆ, ಕಟ್ಟಕಡೆಗೆ ಮಹಿಮೆಯ ಮಾತು ಬರುತ್ತದೆ. ಪ್ರಾಟೆಸ್ಟೆಂಟರು ಆ ಕೊನೆಯ ಮಾತನ್ನು ಪ್ರಾರ್ಥನೆಯ ಅಂಗವಾಗಿಯೇ ಹೇಳುತ್ತಾರೆ. ಕಥೋಲಿಕರ ಪರಿಷ್ಕೃತ ಪೂಜೆಯಲ್ಲಿ ಅದು ಗುರುವಿನ ಮಾತೊಂದರ ಬಳಿಕ ಜನರ ಬಾಯಿಂದ ಬರುತ್ತದೆ. ಎಲ್ಲಿ ಬಂದರೂ ಅನ್ನದ ಮಾತಿನ ನಂತರವೇ.

ಇಂದು ಆತಂಕಕ್ಕೆ ಕಾರಣವಿದೆ. ಧ್ವನಿವರ್ಧಕದ ಹೊಸ ಸ್ತುತಿಗೀತೆಗಳಲ್ಲಿ ‘ಮಹಿಮೆ’ ಒಂದು ಪಲ್ಲವಿಯಲ್ಲಿಯೇ ಹತ್ತಾರು ಸಲ ಬರುತ್ತದೆ. ಪುನರುಕ್ತಿ ತಾನಾಗಿ ದೋಷವಲ್ಲ; ನಾಮಜಪದ ನಾಡಿನಲ್ಲಿ ಹಾಗೆ ಹೇಳುವುದು ಸಲ್ಲದು. ಆದರೆ ಜಪದಲ್ಲಿ ಪದ ಒಳಗೆ ಇಳಿಯುತ್ತದೆ. ಇಲ್ಲಿ ಮೇಲೆ ತೇಲುತ್ತದೆ. ಹಳೆಯ ಗೀತೆಗಳು ಸಮಾಸದ ಹೊರೆಯಿಂದ ದೂರವಾದರೆ ಹೊಸವು ಹಗುರತನದಿಂದ ದೂರವಾಗುತ್ತಿವೆ. ನಡುವೆ ಬಡವಾಗುವುದು ತೋಟದ ಮಕ್ಕಳ ಭಾಷೆ. ದೇವರ ಮುಂದೆ ಆಡಲು ತಕ್ಕ ಮಾತು ಸಿಗದವನಿಗೆ ತನ್ನ ದುಃಖದ ಮುಂದೆಯೂ ಮಾತು ಸಿಗುವುದಿಲ್ಲ.

ಆದ್ದರಿಂದ ಕನ್ನಡ ಅಧ್ಯಾಪಕರಲ್ಲಿ ನನ್ನದೊಂದು ವಿನಂತಿ. ಈ ಗೀತಪುಸ್ತಕಗಳನ್ನು ತರಗತಿಗೆ ತನ್ನಿ. ದಾಸರ ಪದದ ಪಕ್ಕದಲ್ಲಿಟ್ಟು ದಾಕ್ಷಿಣ್ಯವಿಲ್ಲದೆ ಓದಿಸಿ. ಸಭೆಯಲ್ಲಿ ಹಾಡು ಕಟ್ಟುವವರಲ್ಲಿಯೂ ಒಂದು ವಿನಂತಿ. ‘ಮಹಿಮೆ’ ಎಂದು ಬರೆಯುವ ಮೊದಲು ಅದರ ಕೆಳಗೆ ಜ್ವರದವನ ಹೆಸರೊಂದು, ಕಣದ ಮೇಲಿನ ಮೋಡವೊಂದು ಇದೆಯೇ ಎಂದು ನೋಡಿಕೊಳ್ಳಿ. ಇದ್ದರೆ ಆ ಪದ ತಾನಾಗಿ ಘನವಾಗುತ್ತದೆ.