ಇಳಿಯಲೊಲ್ಲದ ಹಾಡುಗಳು

ನಮ್ಮ ತಂದೆಯವರ ಟ್ರಂಕಿನಲ್ಲಿ ರಟ್ಟು ಕಿತ್ತುಹೋದ ಒಂದು ನೋಟುಬುಕ್ಕಿದೆ. ಅವರು ಹೈಸ್ಕೂಲಿನಲ್ಲಿದ್ದಾಗಿನದು, 1960ರ ದಶಕದ ಕೊನೆಯ ವರ್ಷಗಳದು. ಪ್ರತಿ ಪುಟದ ನೆತ್ತಿಯಲ್ಲಿ ಒಂದು ಬುಧವಾರದ ತಾರೀಖು. ಅದರ ಕೆಳಗೆ ಒಂದರಿಂದ ಹದಿನಾರರವರೆಗೆ ಅಂಕಿಗಳು. ಒಂದೊಂದು ಅಂಕಿಯ ಮುಂದೆ ಒಂದೊಂದು ಹಿಂದಿ ಹಾಡಿನ ಹೆಸರು, ಕನ್ನಡ ಲಿಪಿಯಲ್ಲಿ, ಕಿವಿಗೆ ಬಿದ್ದ ಹಾಗೆ. ಆಗ ಅವರಿಗೆ ಹಿಂದಿ ಬರುತ್ತಿರಲಿಲ್ಲ, ಈಗಲೂ ಅಷ್ಟಕ್ಕಷ್ಟೆ. ರೇಡಿಯೋ ಸಿಲೋನಿನಿಂದ ಅಮೀನ್ ಸಯಾನಿಯವರು ನಡೆಸಿಕೊಡುತ್ತಿದ್ದ ಬಿನಾಕಾ ಗೀತಮಾಲೆಯ ಪಟ್ಟಿ ಅದು. ಊರಿನ ಹೋಟೆಲಿನ ಮುಂದೆ ನಿಂತು ಕೇಳಿ, ಮರೆಯುವ ಮೊದಲೇ ಮನೆಗೆ ಓಡಿಬಂದು ಬರೆದಿಡುತ್ತಿದ್ದರಂತೆ.

ಆ ಚಟ ನನ್ನನ್ನು ಹಾರಿಸಿ ನನ್ನ ಮಗಳಿಗೆ ಬಂದಿದೆ. ಅವಳು ನೋಡುವುದು ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆಯವರ ‘ಹಾಟ್ 100’ ಎಂಬ ವಾರದ ಪಟ್ಟಿಯನ್ನು. 2025 ಮುಗಿಯುತ್ತಿದ್ದ ಒಂದು ರಾತ್ರಿ, ಊಟಕ್ಕೆ ಕೂತಾಗ, ಅವಳು ತೀರ್ಪು ಕೊಟ್ಟಳು: “ಈ ವರ್ಷ ದಂಡ ಅಪ್ಪಾ. ಎಲ್ಲಾ ಹಳೇ ಹಾಡೇ. ಹೊಸದು ಅಂತ ಹೇಳೋಕೆ ಏನೂ ಇಲ್ಲ.”

ನನಗೆ ಒಳಗೊಳಗೇ ಸಂತೋಷವಾಯಿತು. ಇಪ್ಪತ್ತು ವರ್ಷಗಳಿಂದ ತರಗತಿಯಲ್ಲಿ ನಾನು ಹುಡುಗರಿಗೆ ಹೇಳಿಕೊಂಡು ಬಂದಿರುವುದು ಅದನ್ನೇ ತಾನೆ! ಈಗಿನ ಹಾಡು ಹಾಡಲ್ಲ, ನಮ್ಮ ಕಾಲದ್ದೇ ಹಾಡು ಎಂದು. ಹದಿನೇಳು ವರ್ಷದ ಹುಡುಗಿಯ ಬಾಯಲ್ಲೂ ಅದೇ ಮಾತು ಬಂದಾಗ ಗೆದ್ದೆನೆಂದುಕೊಂಡೆ. ಆದರೆ ಆ ಸಂತೋಷವೇ ನನ್ನನ್ನು ಅನುಮಾನಕ್ಕೆ ಈಡುಮಾಡಿತು. ಒಂದು ಪದ್ಯವನ್ನು ಓದದೆ ಅದರ ಮೇಲೆ ಅಭಿಪ್ರಾಯ ಬರೆದ ವಿದ್ಯಾರ್ಥಿಗೆ ನಾನು ಸೊನ್ನೆ ಕೊಡುತ್ತೇನೆ. ಒಂದು ಹಾಡನ್ನೂ ಕೇಳದೆ ಒಂದು ವರ್ಷವನ್ನೇ ತಿರಸ್ಕರಿಸುವ ಮೇಷ್ಟರಿಗೆ ಎಷ್ಟು ಕೊಡಬೇಕು? ರಜೆಯ ದಿನಗಳಲ್ಲಿ ಮಗಳನ್ನೇ ಗುರುವಾಗಿಟ್ಟುಕೊಂಡು ಕೇಳತೊಡಗಿದೆ. ಕನ್ನಡದ ಮೇಷ್ಟರಿಗೆ ಇಂಗ್ಲಿಷ್ ಹಾಡುಗಳ ಉಸಾಬರಿ ಏಕೆ ಎಂದು ಕೇಳುವವರಿಗೆ, ಬಿ.ಎಂ.ಶ್ರೀಯವರು ‘ಇಂಗ್ಲಿಷ್ ಗೀತಗಳು’ ತಂದ ಭಾಷೆ ಇದು ಎಂದಷ್ಟೇ ಉತ್ತರ.

ಮೊದಲು ಪಟ್ಟಿಯ ವಿಚಾರ. 1952ರ ನವೆಂಬರಿನಲ್ಲಿ ಲಂಡನ್ನಿನ ಒಂದು ಸಂಗೀತ ಪತ್ರಿಕೆಯವರು ಸುಮಾರು ಇಪ್ಪತ್ತು ಅಂಗಡಿಗಳಿಗೆ ಟೆಲಿಫೋನ್ ಮಾಡಿ, ಯಾವ ಗ್ರಾಮಾಫೋನ್ ತಟ್ಟೆ ಹೆಚ್ಚು ಖರ್ಚಾಯಿತೆಂದು ವಿಚಾರಿಸಿ ಬ್ರಿಟನ್ನಿನ ಮೊದಲ ಪಟ್ಟಿಯನ್ನು ಅಚ್ಚುಮಾಡಿದರು. ಮರು ತಿಂಗಳು ಗೀತಮಾಲೆ ಆರಂಭವಾಯಿತು. ‘ಹಾಟ್ 100’ ಹುಟ್ಟಿದ್ದು 1958ರ ಆಗಸ್ಟಿನಲ್ಲಿ. ಅಂದಿನ ಲೆಕ್ಕದಲ್ಲಿ ಒಂದು ತಟ್ಟೆಯನ್ನು ಕೊಂಡವನು ಒಂದೇ ಸಲ ಮತ ಹಾಕಿದ ಹಾಗೆ. ಮನೆಗೆ ಒಯ್ದು ಅದು ಸವೆಯುವವರೆಗೆ ಸಾವಿರ ಸಲ ಹಾಕಿದರೂ ಪಟ್ಟಿಗೆ ಅದು ತಿಳಿಯುತ್ತಿರಲಿಲ್ಲ. ಇಂದು ಮಾರಾಟ, ರೇಡಿಯೋಗಳ ಜೊತೆಗೆ ಸ್ಟ್ರೀಮಿಂಗಿನ ಪ್ರತಿಯೊಂದು ಕೇಳುವಿಕೆಯೂ ಲೆಕ್ಕಕ್ಕೆ ಬರುತ್ತದೆ. ಗಮನವಿಟ್ಟು ಕೇಳಿದ್ದೂ ಒಂದು, ಪಾತ್ರೆ ತೊಳೆಯುತ್ತ ಹಾಕಿಕೊಂಡದ್ದೂ ಒಂದು. ಹಿಂದಿನ ಪಟ್ಟಿ ಬಯಕೆಯನ್ನು ಎಣಿಸುತ್ತಿತ್ತು. ಈಗಿನದು ಅಭ್ಯಾಸವನ್ನೂ ಎಣಿಸುತ್ತದೆ. ಬಯಕೆ ಬಹು ಬೇಗ ಬದಲಾಗುತ್ತದೆ, ಅಭ್ಯಾಸ ಬದಲಾಗುವುದಿಲ್ಲ.

ಇದರ ಫಲವನ್ನು ನೋಡಿ. ಟೆಡ್ಡಿ ಸ್ವಿಮ್ಸ್ ಎಂಬಾತನ ‘ಲೂಸ್ ಕಂಟ್ರೋಲ್’ ಹೊರಬಂದದ್ದು 2023ರಲ್ಲಿ. ಅದು 2024ರ ಇಡೀ ವರ್ಷದ ಲೆಕ್ಕದಲ್ಲಿ ಮೊದಲನೆಯ ಹಾಡಾಯಿತು; 2025ರ ಅಕ್ಟೋಬರಿನವರೆಗೂ ಪಟ್ಟಿಯಲ್ಲೇ ಕೂತು 112 ವಾರಗಳ ದಾಖಲೆ ಸ್ಥಾಪಿಸಿತು. 2025ರ ವರ್ಷಾಂತ್ಯದ ಪಟ್ಟಿಯ ತಲೆಯ ಮೇಲಿದ್ದ ‘ಡೈ ವಿತ್ ಎ ಸ್ಮೈಲ್’, ಲೇಡಿ ಗಾಗಾ ಮತ್ತು ಬ್ರೂನೋ ಮಾರ್ಸ್ ಹಾಡಿದ್ದು, 2024ರ ಆಗಸ್ಟಿನ ಹಾಡು. ಡಿಸೆಂಬರ್ ಬಂತೆಂದರೆ ಮರೈಯಾ ಕ್ಯಾರಿಯ 1994ರ ಕ್ರಿಸ್‌ಮಸ್ ಹಾಡು ತಪ್ಪದೆ ಬಂದು ಗದ್ದುಗೆ ಏರುತ್ತದೆ. 2019ರಿಂದ ಇದೇ ರೂಢಿ. ನಮ್ಮ ಪಠ್ಯಪುಸ್ತಕಗಳ ನೆನಪಾಯಿತು. ಒಂದು ಪದ್ಯ ಒಮ್ಮೆ ಪಠ್ಯಕ್ಕೆ ಸೇರಿತೆಂದರೆ ಮುಂದಿನ ಸಮಿತಿಯವರೂ ಅದನ್ನೇ ಇಟ್ಟುಕೊಳ್ಳುತ್ತಾರೆ. ಅದು ಒಳ್ಳೆಯದೆಂದಲ್ಲ, ಅದರ ಪಾಠ ನಮಗೆಲ್ಲ ಬಾಯಿಗೆ ಬರುತ್ತದೆಂದು. (ಈ ಅಪರಾಧದಲ್ಲಿ ನಾನೂ ಪಾಲುದಾರ.)

ಅಕ್ಟೋಬರಿನಲ್ಲಿ ಬಿಲ್‌ಬೋರ್ಡಿನವರು ನಿಯಮವನ್ನು ಬಿಗಿಗೊಳಿಸಿದರು. 26 ವಾರ ಕಳೆದ ಹಾಡು 25ನೆಯ ಸ್ಥಾನಕ್ಕಿಂತ ಕೆಳಗಿಳಿದರೆ, 52 ವಾರ ಕಳೆದದ್ದು ಹತ್ತಕ್ಕಿಂತ ಕೆಳಗಿಳಿದರೆ, 78 ವಾರ ಕಳೆದದ್ದು ಐದಕ್ಕಿಂತ ಕೆಳಗಿಳಿದರೆ ಪಟ್ಟಿಯಿಂದ ಹೊರಕ್ಕೆ. ಇದನ್ನು ಓದಿದಾಗ ತಂದೆಯವರ ನೋಟುಬುಕ್ಕಿನಲ್ಲಿ ಅಲ್ಲಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದ ‘ಸರತಾಜ್’ ಎಂಬ ಮಾತು ನೆನಪಿಗೆ ಬಂತು. ಗೀತಮಾಲೆಯಲ್ಲಿ ಗೊತ್ತಾದಷ್ಟು ವಾರಗಳನ್ನು ಪೂರೈಸಿದ ಹಾಡಿಗೆ ‘ಸರತಾಜ್ ಗೀತ್’ ಎಂಬ ಬಿರುದು ಕೊಟ್ಟು, ಬಿಗುಲ್ ಊದಿ, ಗೌರವದಿಂದ ನಿವೃತ್ತಿಗೊಳಿಸುತ್ತಿದ್ದರು. ಹಳೆಯದಕ್ಕೆ ಮರ್ಯಾದೆಯೂ ಆಯಿತು, ಹೊಸದಕ್ಕೆ ಜಾಗವೂ ಆಯಿತು.

ಹೊಸ ನಿಯಮದಿಂದ ಒಂದು ಗುಲ್ಲೂ ಎದ್ದಿತು. ಅಕ್ಟೋಬರ್ 25ರ ಪಟ್ಟಿಯಲ್ಲಿ, 1990ರ ಫೆಬ್ರವರಿಯ ತರುವಾಯ ಮೊಟ್ಟಮೊದಲ ಬಾರಿಗೆ, ಮೇಲಿನ ನಲವತ್ತರಲ್ಲಿ ಒಂದೂ ರ್‍ಯಾಪ್ ಹಾಡು ಇರಲಿಲ್ಲ. ರ್‍ಯಾಪಿನ ಯುಗ ಮುಗಿಯಿತೆಂದು ಮರಣವಾರ್ತೆ ಬರೆದವರುಂಟು. ನಾನು ಒಪ್ಪಲಾರೆ. ಆ ವಾರ ಹೊರಗೆ ಹೋದದ್ದು ಕೆಂಡ್ರಿಕ್ ಲಮಾರನ ‘ಲೂಥರ್’. ಹೋದದ್ದು ಹೊಸ ನಿಯಮದ ಬಾಗಿಲಿನಿಂದ. ಜೊತೆಗೆ ಟೇಲರ್ ಸ್ವಿಫ್ಟಳ ಹೊಸ ಸಂಪುಟದ ಹನ್ನೆರಡು ಹಾಡುಗಳು ಹಿಂದಿನ ವಾರವಷ್ಟೇ ಮೇಲಿನ ಹನ್ನೆರಡು ಸ್ಥಾನಗಳನ್ನೂ ಹಿಡಿದು ಕೂತಿದ್ದವು. ಆಸನಗಳೆಲ್ಲ ಮುಗಿದಿದ್ದ ಬಸ್ಸಿಗೆ ಹತ್ತಲಾರದವನನ್ನು ಸತ್ತನೆನ್ನುವುದು ನ್ಯಾಯವಲ್ಲ.

‘ಲೂಥರ್’ ನನಗೆ ಬಹಳ ಹಿಡಿಸಿದ ಹಾಡು. 2024ರ ನವೆಂಬರಿನಲ್ಲಿ ಬಂದು 2025ರಲ್ಲಿ 13 ವಾರ ಮೊದಲ ಸ್ಥಾನದಲ್ಲಿತ್ತು. ಕೆಂಡ್ರಿಕ್ ಮತ್ತು ಸಿಜಾ ಎಂಬ ಗಾಯಕಿ ಹಾಡುತ್ತಿರುವಾಗ ಅವರ ಹಿಂದೆ ಇನ್ನೊಂದು ಜೋಡಿ ದನಿ ತೇಲಿಬರುತ್ತದೆ. ಅದು 1982ರಲ್ಲಿ ಲೂಥರ್ ವ್ಯಾಂಡ್ರಾಸ್ ಮತ್ತು ಶೆರಿಲ್ ಲಿನ್ ಹಾಡಿದ ಯುಗಳಗೀತೆ. ಅದಾದರೂ 1967ರಲ್ಲಿ ಮಾರ್ವಿನ್ ಗೇ, ಟ್ಯಾಮಿ ಟೆರೆಲ್ ಹಾಡಿದ್ದರ ಪುನರುಕ್ತಿ. ಮೂರು ತಲೆಮಾರಿನ ಪ್ರೇಮಿಗಳು ಒಂದೇ ಕೋಣೆಯಲ್ಲಿ ಸೇರಿ ಮೆಲುದನಿಯಲ್ಲಿ ಮಾತಾಡಿದಂತಿದೆ. ಹಳೆಯದನ್ನು ಬಿಡದಿರುವುದರಲ್ಲೂ ಎರಡು ಬಗೆಯೆಂದು ಇದನ್ನು ಕೇಳಿದ ಮೇಲೆ ತೋರಿತು. ‘ಲೂಸ್ ಕಂಟ್ರೋಲ್’ ಎರಡು ವರ್ಷ ನಿಂತಿತು, ಆದರೆ ನಿಂತಲ್ಲೇ ನಿಂತಿತು. 1967ರ ಹಾಡು ನಡೆದುಕೊಂಡು ಬಂದಿದೆ.

ಬೇಸಿಗೆಯ ಹಾಡೆಂದು ಹೆಸರಾದ ಅಲೆಕ್ಸ್ ವಾರೆನ್ನನ ‘ಆರ್ಡಿನರಿ’ಯ ಬಗ್ಗೆ ಈ ಮಾತನ್ನು ಹೇಳಲಾರೆ. ಹತ್ತು ವಾರ ಮೊದಲ ಸ್ಥಾನ. ಹೆಂಡತಿಯ ಮೇಲಿನ ಪ್ರೀತಿಯನ್ನು ಹೇಳುವ ಹಾಡು. ಆ ಪ್ರೀತಿ ನಿಜವೆಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಮಾತುಗಳೆಲ್ಲ ಇಗರ್ಜಿಯಿಂದ ಎರವಲು ತಂದವು: ಪೀಠ, ತೀರ್ಥ, ದೇವದೂತರು. ಪ್ರೇಮಕ್ಕೆ ಭಕ್ತಿಯ ಮಾತನ್ನು ತೊಡಿಸುವುದು ನಮಗೇನೂ ಹೊಸದಲ್ಲ. ಅಕ್ಕಮಹಾದೇವಿ ಚೆನ್ನಮಲ್ಲಿಕಾರ್ಜುನನನ್ನು ಗಂಡನೆಂದಳು. ಆದರೆ ಹಾಗೆನ್ನುವುದಕ್ಕೆ ಅವಳು ಬೆಲೆ ತೆತ್ತಳು: ಅರಮನೆ ಬಿಟ್ಟಳು, ಉಡುಗೆ ಬಿಟ್ಟಳು, ಕಾಡು ಹೊಕ್ಕಳು. ಆ ಬೆಲೆ ಅವಳ ಒಂದೊಂದು ಮಾತಿನಲ್ಲೂ ಕೇಳಿಸುತ್ತದೆ. ‘ಆರ್ಡಿನರಿ’ಯಲ್ಲಿ ದೊಡ್ಡ ಮಾತಿದೆ, ದೊಡ್ಡ ದನಿಯಿದೆ, ತೆತ್ತದ್ದೇನೆಂಬುದಿಲ್ಲ. ಮೂರನೆಯ ಸಲ ಕೇಳಿದಾಗ ಮದುವೆ ಛತ್ರದಲ್ಲಿ ಧ್ವನಿವರ್ಧಕದ ಪಕ್ಕ ಕೂತಂತಾಯಿತು. ಮಗಳು ಇಲ್ಲಿ ನನ್ನೊಂದಿಗೆ ಜಗಳವಾಡಿದಳು. “ನಿಮಗೆ ಎಲ್ಲದರಲ್ಲೂ ವಚನವೇ ಬೇಕು” ಎಂದಳು. ಆ ಆಕ್ಷೇಪವನ್ನೂ ಇಲ್ಲಿ ದಾಖಲಿಸಿದ್ದೇನೆ.

ಸಬ್ರಿನಾ ಕಾರ್ಪೆಂಟರಳ ‘ಮ್ಯಾನ್‌ಚೈಲ್ಡ್’ ಲಘುವಾದದ್ದು. ಬೆಳೆದೂ ಬೆಳೆಯದ ಗಂಡಸನ್ನು ಮೂದಲಿಸುವ ಹಾಡು. ನಮ್ಮ ಹಳ್ಳಿಯ ಮದುವೆಗಳಲ್ಲಿ ಹೆಂಗಸರು ಬೀಗರನ್ನು ಅಣಕಿಸಿ ಹಾಡುವುದಿಲ್ಲವೆ, ಆ ಜಾತಿಯದು. ನಗಿಸುತ್ತದೆ, ಅಷ್ಟು ಸಾಕು. ಸ್ವಿಫ್ಟಳ ‘ದ ಫೇಟ್ ಆಫ್ ಒಫೀಲಿಯಾ’ದಲ್ಲಿ ಷೇಕ್ಸ್‌ಪಿಯರನ ಹುಡುಗಿಯ ಗತಿ ತನಗೆ ಬರುವುದನ್ನು ಪ್ರಿಯನೊಬ್ಬ ತಪ್ಪಿಸಿದನೆಂಬ ಕಲ್ಪನೆ. ಕುವೆಂಪು ಅವರು ಹ್ಯಾಮ್ಲೆಟ್ಟನ್ನು ಬಿದನೂರಿಗೆ ತಂದು ‘ರಕ್ತಾಕ್ಷಿ’ ಮಾಡಿದರು. ಮೂಲವನ್ನು ಬದಲಿಸುವ ಹಕ್ಕನ್ನು ನಾನು ಪ್ರಶ್ನಿಸುವವನಲ್ಲ. ಆದರೆ ಒಫೀಲಿಯಾ ಮುಳುಗಿದ್ದು ಪ್ರಿಯನಿಲ್ಲದ್ದರಿಂದ ಮಾತ್ರವಲ್ಲ; ತಂದೆ, ಅಣ್ಣ, ಪ್ರಿಯ, ದೊರೆ ಎಲ್ಲರೂ ಅವಳಿಗೆ ಬುದ್ಧಿ ಹೇಳುವವರೇ, ಅವಳ ಮಾತು ಕೇಳುವವರಿಲ್ಲ. ಆ ನೋವಿಗೆ ಇನ್ನೊಬ್ಬ ಗಂಡು ಬಂದು ಕೈಹಿಡಿದ ಎಂಬುದು ಉತ್ತರವಾಗದು. ಆ ಸಂಪುಟ ಅಮೆರಿಕದಲ್ಲಿ ಮೊದಲ ವಾರವೇ 40 ಲಕ್ಷ ಪ್ರತಿಗಳ ಲೆಕ್ಕ ದಾಟಿ, ಅಡೆಲ್ 2015ರಲ್ಲಿ ಸ್ಥಾಪಿಸಿದ್ದ ದಾಖಲೆಯನ್ನು ಮುರಿಯಿತು. ಒಂದೇ ಸಂಪುಟವನ್ನು ಹತ್ತಾರು ಹೊದಿಕೆಗಳಲ್ಲಿ ಮಾರಿದರೆಂಬುದನ್ನೂ ಜೊತೆಗೆ ಹೇಳಬೇಕು.

ಇನ್ನು ‘ಗೋಲ್ಡನ್’. ಜೂನಿನಲ್ಲಿ ಬಂದ ‘ಕೆ-ಪಾಪ್ ಡೀಮನ್ ಹಂಟರ್ಸ್’ ಎಂಬ ವ್ಯಂಗ್ಯಚಿತ್ರ ಚಲನಚಿತ್ರದ ಹಾಡು. ಎಂಟು ವಾರ ಮೊದಲ ಸ್ಥಾನದಲ್ಲಿತ್ತು. ಚಿತ್ರದಲ್ಲಿ ಇದನ್ನು ಹಾಡುವ ಮೂವರು ಹುಡುಗಿಯರು ಬರೆದ ಬೊಂಬೆಗಳು. ಬೊಂಬೆಯ ಹಾಡೆಂದು ಮೂಗುಮುರಿಯಲು ನಾನು ಸಿದ್ಧನಾಗಿಯೇ ಕೂತಿದ್ದೆ. ಆದರೆ ನಮ್ಮ ಗುಬ್ಬಿ ಕಂಪನಿಯಂಥ ನಾಟಕಮಂಡಲಿಗಳ ರಂಗಗೀತೆಗಳನ್ನು ನೆನೆಯಿರಿ. ನಾಟಕ ಮರೆತುಹೋಗಿದೆ, ಪಾತ್ರ ಮರೆತುಹೋಗಿದೆ. ಹಾಡನ್ನು ಅಜ್ಜಿಯರು ಹಿತ್ತಲಲ್ಲಿ ಗುನುಗಿಕೊಳ್ಳುತ್ತಲೇ ಇದ್ದರು. ಕಥೆಯ ಒತ್ತಡದಿಂದ ಹುಟ್ಟಿದ ಹಾಡಿಗೆ ಬೆನ್ನೆಲುಬು ಇರುತ್ತದೆ. ‘ಗೋಲ್ಡನ್’ನಲ್ಲಿ ನಾಯಕಿ ತನ್ನ ಗುಟ್ಟೊಂದನ್ನು ಮುಚ್ಚಿಟ್ಟುಕೊಂಡು, ಇನ್ನು ಮುಚ್ಚಿಡಲಾರೆನೆಂದು ಹಾಡುತ್ತಾಳೆ, ರಾಗ ಗಂಟಲಿಗೆ ನಿಲುಕದಷ್ಟು ಮೇಲೇರುವುದು ಅಲ್ಲಿಯೇ. ಆ ಪಾತ್ರಕ್ಕೆ ದನಿಯಿತ್ತ, ಹಾಡನ್ನು ಬರೆದವರಲ್ಲಿ ಒಬ್ಬಳೂ ಆದ ಈಜೆ ಎಂಬಾಕೆ ಕೊರಿಯಾದ ಸಂಗೀತ ಕಂಪನಿಯಲ್ಲಿ ಹತ್ತು ವರ್ಷಕ್ಕೂ ಮೇಲ್ಪಟ್ಟು ತರಬೇತಿ ಪಡೆದು, ರಂಗಕ್ಕೆ ಏರುವ ಅವಕಾಶ ಸಿಗದೆ ಹಿಂದಿರುಗಿದವಳು. ಇದನ್ನು ತಿಳಿದು ಮತ್ತೆ ಕೇಳಿದೆ. ಆ ಮೇಲಿನ ಸ್ವರ ಬೊಂಬೆಯದಾಗಿ ಕೇಳಿಸಲಿಲ್ಲ.

ಹಾಡುವವರೇ ಇಲ್ಲದ ಹಾಡೂ ಈ ವರ್ಷ ಬಂತು. ನವೆಂಬರಿನಲ್ಲಿ ‘ಬ್ರೇಕಿಂಗ್ ರಸ್ಟ್’ ಎಂಬ ಕಲಾವಿದನ ಹೆಸರಿನಲ್ಲಿ ಬಂದ, ಯಂತ್ರಬುದ್ಧಿಯಿಂದ ತಯಾರಾದ ಹಾಡೊಂದು ಕಂಟ್ರಿ ಸಂಗೀತದ ಡಿಜಿಟಲ್ ಮಾರಾಟದ ಪಟ್ಟಿಯಲ್ಲಿ ಮೊದಲಾಯಿತು. ಹೆದರಬೇಕಾದ್ದಿಲ್ಲ, ಆ ಪಟ್ಟಿಯಲ್ಲಿ ಮೊದಲಾಗಲು ಕೆಲವೇ ಸಾವಿರ ಪ್ರತಿಗಳು ಸಾಕು. ಹಾಡು ಎಲ್ಲ ಹಾಡುಗಳ ಹಾಗಿದೆ, ಅದೇ ಅದರ ದೋಷ.

ನನ್ನನ್ನು ಸೋಲಿಸಿದ್ದು 2025ರಲ್ಲಿ ಮೊದಲನೆಯ ಸ್ಥಾನಕ್ಕೆ ಏರಲೇ ಇಲ್ಲದ ಹಾಡು. ಪೋರ್ಟೊ ರಿಕೊ ದ್ವೀಪದ ಬ್ಯಾಡ್ ಬನ್ನಿ ಜನವರಿಯ ಮೊದಲ ವಾರದಲ್ಲೇ ಹೊರತಂದ ಸಂಪುಟದ ಶೀರ್ಷಿಕೆ ಗೀತೆ, ‘ಡಿಟಿಎಂಎಫ್’. ಆ ವರ್ಷ ಎರಡನೆಯ ಸ್ಥಾನದವರೆಗೆ ಬಂತು. ಇನ್ನಷ್ಟು ಫೋಟೋ ತೆಗೆದಿಟ್ಟುಕೊಳ್ಳಬೇಕಾಗಿತ್ತು ಎಂಬುದು ಅದರ ಹಳಹಳಿ. ಭಾಷೆ ಸ್ಪ್ಯಾನಿಷ್, ಅದೂ ಆ ದ್ವೀಪದವರು ಬಾಯಲ್ಲಿ ಆಡುವ ಸ್ಪ್ಯಾನಿಷ್. ತಾಳ ಅವರ ಬೀದಿಯ ‘ಪ್ಲೇನಾ’. ಕೈಯಲ್ಲಿ ಹಿಡಿದು ಬಡಿಯುವ ಆ ಚರ್ಮವಾದ್ಯಗಳ ಸದ್ದು ನನ್ನ ಕಿವಿಗೆ ನಮ್ಮ ತಮಟೆಯ ದೂರದ ನೆಂಟನಂತೆ ಕೇಳಿಸಿತು. ಪಲ್ಲವಿಯನ್ನು ಒಬ್ಬ ಹಾಡುವುದಿಲ್ಲ, ಗುಂಪು ಹಾಡುತ್ತದೆ. ಜಗತ್ತಿಗೆ ತಿಳಿಯಲೆಂದು ಅವನು ತನ್ನ ಊರಿನ ಮಾತನ್ನು ಸೋಸಲಿಲ್ಲ. ಬೇಸಿಗೆಯಲ್ಲಿ ಸಾನ್ ಹುವಾನ್ ನಗರದಲ್ಲೇ ಕೂತು ಮೂವತ್ತಕ್ಕೂ ಹೆಚ್ಚು ಕಛೇರಿ ಮಾಡಿದ. ಮೊದಲ ಒಂಬತ್ತು ಅಲ್ಲಿನ ನಿವಾಸಿಗಳಿಗೆ ಮಾತ್ರ. 2026ರ ಫೆಬ್ರವರಿಯಲ್ಲಿ ಆ ಸಂಪುಟಕ್ಕೆ ವರ್ಷದ ಸಂಪುಟವೆಂದು ಗ್ರ್ಯಾಮಿ ಬಂತು. ಸ್ಪ್ಯಾನಿಷಿನ ಸಂಪುಟವೊಂದಕ್ಕೆ ಅದು ಮೊದಲನೆಯದು. ನನಗೆ ಸ್ಪ್ಯಾನಿಷ್ ಬಾರದು. ತಿಳಿಯದ ಭಾಷೆಯ ಹಾಡಿನ ಹೆಸರನ್ನು ಕನ್ನಡ ಲಿಪಿಯಲ್ಲಿ ಬರೆದಿಟ್ಟುಕೊಂಡ ಹುಡುಗನೊಬ್ಬನನ್ನು ನಾನು ಇಷ್ಟು ವರ್ಷ ತಮಾಷೆ ಮಾಡಿದ್ದೆ.

ಹಾಗಾದರೆ 2025 ಒಳ್ಳೆಯ ವರ್ಷವೋ, ಕೆಟ್ಟದ್ದೋ? ಮಗಳ ತೀರ್ಪನ್ನು ಅರ್ಧ ಎತ್ತಿಹಿಡಿಯುತ್ತೇನೆ. 2024ರಲ್ಲಿ ಅನಿರೀಕ್ಷಿತವಾದದ್ದು ಬಾಗಿಲು ತಟ್ಟುತ್ತಲೇ ಇತ್ತು; ಬೆಂಗಳೂರಿನಲ್ಲಿ ನೆಲೆಸಿ ಹಾಡುಕಟ್ಟಿದ ಹನುಮಾನ್‌ಕೈಂಡನ ‘ಬಿಗ್ ಡಾಗ್ಸ್’ ಕೂಡ ಈ ಪಟ್ಟಿಯಲ್ಲಿ ಮೇಲಣ ಕಾಲುಭಾಗದಲ್ಲಿ ಕಾಣಿಸಿಕೊಂಡದ್ದು ಆ ವರ್ಷವೇ. 2025ರ ಪಟ್ಟಿಯಲ್ಲಿ ಆ ಗಾಳಿ ಆಡಲಿಲ್ಲ, ಪಟ್ಟಿ ಕೆಟ್ಟದ್ದೇ. ಆದರೆ ಹೊಸದೇ ಇಲ್ಲವೆಂಬ ಅವಳ ಮಾತು ನಿಲ್ಲದು. ಹೊಸದು ಇತ್ತು, ಎರಡನೆಯ ಸ್ಥಾನದಲ್ಲಿ, ಬೊಂಬೆಗಳ ಬಾಯಲ್ಲಿ. ಕೇಳುಗರಾದ ನಾವು ಹಿಂದಿನ ವರ್ಷದ ಹಾಡನ್ನೇ ಮತ್ತೆ ಮತ್ತೆ ಒತ್ತುತ್ತಿದ್ದೆವು. ಆ ‘ನಾವು’ ಎಂಬುದರಲ್ಲಿ ಹೊಸದನ್ನು ಕೇಳದೆಯೇ ಇಪ್ಪತ್ತು ವರ್ಷ ಪಾಠ ಹೇಳಿದ ನಾನೂ ಸೇರಿದ್ದೇನೆ.

ಮೊನ್ನೆ ತಂದೆಯವರಿಗೆ ಆ 112 ವಾರಗಳ ಸಂಗತಿಯನ್ನು ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತ ಕೇಳಿದರು: “ಕೊನೆಗೆ ಬಿಗುಲ್ ಊದಿದರೇನೋ?”

“ಇಲ್ಲ ಅಪ್ಪಾ. ಹೆಸರು ತೆಗೆದರು, ಅಷ್ಟೆ.”

“ಛೆ” ಎಂದರು. ಆಮೇಲೆ ಮೊಮ್ಮಗಳನ್ನು ಕರೆದು, ಅದು ಎಂಥ ಹಾಡು, ಒಂದು ಸಲ ಹಾಕು ನೋಡೋಣ, ಎಂದರು.