ನೀರಿಲ್ಲದ ಗಗನಚುಕ್ಕಿ

ಮಾರ್ಚ್ ತಿಂಗಳಲ್ಲಿ ಕ್ಯಾಮೆರಾ ಹೊತ್ತು ಶಿವನಸಮುದ್ರದ ಗಗನಚುಕ್ಕಿ ಜಲಪಾತಕ್ಕೆ ಬರುವವರು ಕಡಿಮೆ. ‘ನೀರೇ ಇಲ್ಲ, ಏನ್ ಪಟ ತೆಗೀತೀರಿ ಬುಡಿ ಸಾ’ ಅನ್ನುತ್ತಾರೆ ಮಳವಳ್ಳಿ ಕಡೆಯವರು. ನನಗೆ ಬೇಕಾದ್ದು ಆ ಬಂಡೆಯೇ.

ಓರೆ ಬಿಸಿಲಿನಲ್ಲಿ ಅದನ್ನು ನೋಡಬೇಕು. ನೀರು ಇಳಿದ ಜಾಡಿನುದ್ದಕ್ಕೂ ಒಣಗಿದ ಪಾಚಿಯ ಕಪ್ಪು ಪಟ್ಟೆ, ಪಕ್ಕದಲ್ಲೇ ತೊಳೆದಿಟ್ಟಂಥ ಬೂದುಗಲ್ಲು. ಉರುಟು ಕಲ್ಲುಗಳು ಸುಳಿಯಲ್ಲಿ ತಿರುಗಿ ತಿರುಗಿ ಕೊರೆದ ಗುಂಡಿಗಳು ಒರಳಿನಷ್ಟು ನುಣುಪು. ಬಿರುಕೊಂದರಲ್ಲಿ ಹಟ ಹಿಡಿದು ಬೆಳೆದ ಹುಲ್ಲು. ಮಳೆಗಾಲದಲ್ಲಿ ಇದೆಲ್ಲ ನೊರೆಯ ಹಿಂದೆ ಅಡಗಿರುತ್ತದೆ.

ಬಂಡೆ ಬಯಲಾಗಿದ್ದಕ್ಕೆ ಬೇಸಿಗೆಯೊಂದೇ ಕಾರಣವಲ್ಲ. ಕಾವೇರಿಯನ್ನು ಮೇಲ್ಗಡೆಯೇ ಕಾಲುವೆಗೆ ತಿರುಗಿಸಿ, ಬ್ಲಫ್ ಎಂಬಲ್ಲಿ ದಪ್ಪ ಕೊಳವೆಗಳ ಮೂಲಕ ಕಣಿವೆಯ ವಿದ್ಯುತ್ ಸ್ಥಾವರಕ್ಕೆ ಇಳಿಸುತ್ತಾರೆ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಶುರುವಾದ ಈ ಕೆಲಸದಿಂದ 1902ರಲ್ಲಿ ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯಿತು. ಬೆಂಗಳೂರಿಗೆ ದೀಪ ಬಂದಿದ್ದು 1905ರಲ್ಲಿ; ಗಣಿಯ ಸರದಿ ಮೊದಲು! ನೀರೇನೂ ಕಳೆದುಹೋಗುವುದಿಲ್ಲ, ಕೆಳಗೆ ಮತ್ತೆ ಹೊಳೆ ಸೇರುತ್ತದೆ. ನಡುವಿನ ಬಂಡೆಗೆ ಮಾತ್ರ ಅದು ದಕ್ಕುವುದಿಲ್ಲ.

ಕೆನಡಾದ ಛಾಯಾಗ್ರಾಹಕ ಎಡ್ವರ್ಡ್ ಬರ್ಟಿನ್‌ಸ್ಕಿ 1996ರಲ್ಲಿ ಸಡ್ಬರಿಯ ನಿಕಲ್ ಗಣಿಯ ತ್ಯಾಜ್ಯ ಹರಿಯುವುದನ್ನು ತೆಗೆದ ಚಿತ್ರವೊಂದಿದೆ: ಕರಿನೆಲದ ನಡುವೆ ಉರಿಯುವ ಕಿತ್ತಳೆ ಹೊಳೆ. ಕಣ್ಣು ಮೊದಲು ಮರುಳಾಗುತ್ತದೆ, ಆಮೇಲೆ ಅಳುಕುತ್ತದೆ. ಅಂಥ ನೋಟ ನಮ್ಮಲ್ಲಿ ಬೇಕಿದ್ದರೆ ತಂತಿಯ ಆ ತುದಿಗೆ, ಕೆಜಿಎಫ್‌ಗೆ ಹೋಗಬೇಕು. 2001ರಲ್ಲಿ ಗಣಿ ಮುಚ್ಚಿದರೂ ಅದರ ತ್ಯಾಜ್ಯದ ಸಯನೈಡ್ ದಿಬ್ಬಗಳು ಹಾಗೇ ನಿಂತಿವೆ. ಸಿನಿಮಾದವರಿಗೆ ಅವು ಬಲು ಇಷ್ಟ. ಶಿವನಸಮುದ್ರದಲ್ಲಿ ಅಂಥ ಬಣ್ಣವಿಲ್ಲ. ಇಲ್ಲಿ ಚಿತ್ರಕ್ಕೆ ಹಿಡಿಯಬೇಕಾದ್ದು ಇಲ್ಲದ ನೀರನ್ನು. ನನ್ನ ಮಟ್ಟಿಗೆ ಅದೇ ಹೆಚ್ಚು ಕಷ್ಟದ, ಹೆಚ್ಚು ರುಚಿಯ ಕೆಲಸ.

ಬಂಡೆಯ ಚಿತ್ರ ಒಂಟಿಯಾಗಿ ನಿಂತರೆ ಬರೀ ಕಲ್ಲು. ಅದರ ಪಕ್ಕ ಕೊಳವೆಗಳ ಚಿತ್ರ ಇಡಿ, ಆಗ ಮಾತಾಡುತ್ತದೆ. ನದಿ ಅಂಕುಡೊಂಕಾಗಿ, ಹತ್ತು ಕವಲಾಗಿ ಇಳಿಯುತ್ತಿದ್ದ ಎತ್ತರವನ್ನು ಕಬ್ಬಿಣ ಒಂದೇ ಗೆರೆಯಲ್ಲಿ ಇಳಿದಿದೆ. ಆ ಗೆರೆಯೂ ಚೆಂದವೇ, ಸುಳ್ಳು ಹೇಳಬಾರದು.

ನೀರಿದ್ದಾಗ ಇಲ್ಲಿ ನಡೆಯುವ ಜಲಪಾತೋತ್ಸವದ ರಾತ್ರಿ ಧುಮ್ಮಿಕ್ಕುವ ನೀರಿಗೆ ಬಣ್ಣಬಣ್ಣದ ದೀಪ ಬಿಡುತ್ತಾರೆ, ಜನ ಮುಗಿಬಿದ್ದು ಮೊಬೈಲಿನಲ್ಲಿ ಹಿಡಿಯುತ್ತಾರೆ. ಎಂದಾದರೂ ಪ್ರದರ್ಶನ ಮಾಡಿದರೆ ಅಂಥದ್ದೊಂದು ಮೊಬೈಲ್ ಫೋಟೊವನ್ನೂ ಕೇಳಿ ತಂದು, ಬಂಡೆ ಮತ್ತು ಕೊಳವೆಯ ಸಾಲಿನಲ್ಲೇ ನೇತುಹಾಕುತ್ತೇನೆ.